ದಟ್ಟ ಬಡಾವಣೆಯೋ, ವಿರಳ ಬಡಾವಣೆಯೋ: ಮನೆ ಆರಿಸುವ ಮೊದಲು ಸುರಕ್ಷತೆಯನ್ನು ಅಳೆಯುವುದು ಹೇಗೆ?

ಮೂಲ ಪ್ರಶ್ನೆ

ಇನ್ನು ಮೂರು ತಿಂಗಳೊಳಗೆ ನಾವು ಈಗಿರುವ ಬಾಡಿಗೆ ಮನೆಯನ್ನು ಬಿಡಬೇಕಾಗಿದೆ. ಹುಡುಕಾಟದ ಕೊನೆಗೆ ಎರಡು ಮನೆಗಳು ಉಳಿದಿವೆ. ಒಂದು ನಗರದ ನಡುಭಾಗದ ಹಳೆಯ ಬಡಾವಣೆಯಲ್ಲಿದೆ. ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಗಿನಿಂದ ರಾತ್ರಿಯವರೆಗೆ ಜನರ ಓಡಾಟ ನಿಲ್ಲುವುದಿಲ್ಲ. ಇನ್ನೊಂದು ಹೊರವಲಯದ ಹೊಸ ಬಡಾವಣೆಯಲ್ಲಿದೆ. ಅಲ್ಲಿ ರಸ್ತೆಗಳು ಅಗಲವಾಗಿವೆ, ಮನೆ ಮನೆಯ ನಡುವೆ ಜಾಗವಿದೆ, ಸಂಜೆಯಾದರೆ ಹಕ್ಕಿಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಪೊಲೀಸರು ಪ್ರಕಟಿಸುವ ಅಂಕಿಅಂಶಗಳನ್ನು ನೋಡಿದೆ. ಪ್ರತಿ ಸಾವಿರ ನಿವಾಸಿಗಳಿಗೆ ದಾಖಲಾದ ಪ್ರಕರಣಗಳು ಹಳೆಯ ಬಡಾವಣೆಯಲ್ಲಿ ಹೊಸದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿವೆ. ಹಾಗೆಂದು ಹೊರವಲಯದ ಮನೆಯನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ. ನನ್ನ ಮಗಳು ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಅವರು ದಿನಕ್ಕೊಮ್ಮೆಯಾದರೂ ಒಬ್ಬರೇ ಹೊರಗೆ ನಡೆದು ಬರುತ್ತಾರೆ. ಜನ ಹೆಚ್ಚಿದ್ದಲ್ಲಿ ಅಪಾಯವೂ ಹೆಚ್ಚು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ನಿಜವೇ? ನಿಜವಾಗಿದ್ದರೆ ಎಷ್ಟರ ಮಟ್ಟಿಗೆ? ಇಂಥ ಆಯ್ಕೆಯನ್ನು ಈಗಾಗಲೇ ಮಾಡಿದವರು ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ 1: ಅಂಕಿಅಂಶಗಳ ಕೆಲಸ ಮಾಡುವವರಿಂದ

ಮೂರು ಪಟ್ಟು ಎಂಬ ಸಂಖ್ಯೆಯನ್ನು ನಂಬುವ ಮೊದಲು ಅದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ನೋಡಬೇಕು. ಪ್ರಕರಣಗಳನ್ನು ಅಲ್ಲಿ ರಾತ್ರಿ ಮಲಗುವ ಜನರ ಸಂಖ್ಯೆಯಿಂದ ಭಾಗಿಸಿರುತ್ತಾರೆ. ಹಗಲು ಅಲ್ಲಿಗೆ ಬಂದು ಹೋಗುವವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಆದರೆ ಜೇಬುಗಳ್ಳತನಕ್ಕೆ ಒಳಗಾದವರು, ಅಂಗಡಿಯಲ್ಲಿ ಜಗಳವಾಡಿದವರು, ನಿಲ್ಲಿಸಿದ ವಾಹನವನ್ನು ಕಳೆದುಕೊಂಡವರು ಬಹುಮಟ್ಟಿಗೆ ಹೊರಗಿನಿಂದ ಬಂದವರೇ ಆಗಿರುತ್ತಾರೆ. ಅವರ ದೂರು ಮೇಲಿನ ಸಂಖ್ಯೆಗೆ ಸೇರುತ್ತದೆ, ಅವರು ಮಾತ್ರ ಕೆಳಗಿನ ಸಂಖ್ಯೆಗೆ ಸೇರುವುದಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಲಂಡನ್ನಿನ ಮಧ್ಯಭಾಗದಲ್ಲಿರುವ, ಸಿಟಿ ಆಫ್ ಲಂಡನ್ ಎಂದು ಕರೆಯುವ ಪುಟ್ಟ ಪ್ರದೇಶ. ಅದರ ವಿಸ್ತೀರ್ಣ ಸುಮಾರು 2.9 ಚದರ ಕಿಲೋಮೀಟರ್. 2021ರ ಜನಗಣತಿಯ ಪ್ರಕಾರ ಅಲ್ಲಿ ವಾಸಿಸುವವರು ಸುಮಾರು 8,600 ಮಂದಿ, ಆದರೆ ಅಲ್ಲಿರುವ ಉದ್ಯೋಗಗಳ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. ಐದು ಲಕ್ಷ ಜನರ ನಡುವೆ ನಡೆದ ಕಳ್ಳತನಗಳನ್ನು 8,600ರಿಂದ ಭಾಗಿಸಿದರೆ ಆ ಪ್ರದೇಶವು ದೇಶದಲ್ಲೇ ಅಪಾಯಕಾರಿ ಜಾಗದಂತೆ ಕಾಣುತ್ತದೆ. ಅಲ್ಲಿ ವಾಸಿಸುವ ಒಬ್ಬರಿಗೆ ಇರುವ ಅಪಾಯಕ್ಕೂ ಆ ದರಕ್ಕೂ ಹೆಚ್ಚಿನ ಸಂಬಂಧವಿಲ್ಲ. ನಿಮ್ಮ ಹಳೆಯ ಬಡಾವಣೆಯಲ್ಲಿ ಮಾರುಕಟ್ಟೆಯೋ ದೊಡ್ಡ ನಿಲ್ದಾಣವೋ ಇದ್ದರೆ ಅಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ಆಗಿರಬಹುದು.

ಇನ್ನೊಂದು ಮಾತು. ದಾಖಲಾದ ಅಪರಾಧ ಬೇರೆ, ನಡೆದ ಅಪರಾಧ ಬೇರೆ. ಅಮೆರಿಕದಲ್ಲಿ 1973ರಿಂದ ಮನೆ ಮನೆಗೆ ಹೋಗಿ, ನಿಮಗೆ ಏನಾದರೂ ಆಗಿದೆಯೇ ಎಂದು ಕೇಳುವ ಸಮೀಕ್ಷೆಯನ್ನು ನಡೆಸುತ್ತಾ ಬಂದಿದ್ದಾರೆ. ಹಿಂಸೆಯ ಘಟನೆಗಳಲ್ಲಿ ಅರ್ಧದಷ್ಟು ಸಹ ಪೊಲೀಸರವರೆಗೆ ಹೋಗುವುದಿಲ್ಲವೆಂದು ಅದು ಬಹುತೇಕ ವರ್ಷಗಳಲ್ಲಿ ತೋರಿಸಿದೆ. ಕಳ್ಳತನದ ದೂರುಗಳು ಅದಕ್ಕಿಂತಲೂ ಕಡಿಮೆ. ಠಾಣೆಯ ಮೇಲೆ ನಂಬಿಕೆ ಇರುವ ಬಡಾವಣೆಯಲ್ಲಿ ದೂರು ಹೆಚ್ಚು ಬರುತ್ತದೆ, ನಂಬಿಕೆ ಇಲ್ಲದಲ್ಲಿ ಕಡಿಮೆ ಬರುತ್ತದೆ. ಆದ್ದರಿಂದ ಒಟ್ಟು ದರವನ್ನು ಬದಿಗಿಟ್ಟು, ಮನೆ ಮುರಿದು ಕದ್ದ ಪ್ರಕರಣಗಳನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಬೀದಿಯಲ್ಲಿ ನಡೆದ ಸುಲಿಗೆಯನ್ನು ಪ್ರತ್ಯೇಕವಾಗಿ, ಅದು ನಡೆದ ಹೊತ್ತಿನ ಜೊತೆಗೆ ನೋಡಿ.

ಪ್ರತಿಕ್ರಿಯೆ 2: ನಗರ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡಿದವರಿಂದ

ಮೇಲಿನವರು ಅಪರಾಧದ ದರದ ಬಗ್ಗೆ ಹೇಳಿದ್ದು ಜನಸಾಂದ್ರತೆಯ ಸಂಖ್ಯೆಗೂ ಅನ್ವಯಿಸುತ್ತದೆ. ಪ್ಯಾರಿಸ್ ನಗರದ ವಿಸ್ತೀರ್ಣ ಸುಮಾರು 105 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 21 ಲಕ್ಷ. ಅಂದರೆ ಚದರ ಕಿಲೋಮೀಟರಿಗೆ ಹತ್ತಿರ ಹತ್ತಿರ 20,000 ಜನ. ಆದರೆ ಆ ವಿಸ್ತೀರ್ಣದೊಳಗೆ ನಗರದ ಎರಡು ಅಂಚುಗಳಲ್ಲಿರುವ ದೊಡ್ಡ ವನಗಳು ಸೇರಿವೆ. ಅವೆರಡನ್ನು ತೆಗೆದರೆ ಸುಮಾರು 87 ಚದರ ಕಿಲೋಮೀಟರ್ ಉಳಿಯುತ್ತದೆ, ಸಾಂದ್ರತೆ 24,000ಕ್ಕೆ ಏರುತ್ತದೆ. ಜನ ಅದೇ, ಬೀದಿ ಅದೇ, ಸಂಖ್ಯೆ ಮಾತ್ರ ಬದಲಾಯಿತು. ಹೊರವಲಯದ ಬಡಾವಣೆ ವಿರಳವೆಂದು ಕಾಗದದ ಮೇಲೆ ಕಾಣಲು ಅದರ ಗಡಿಯೊಳಗೆ ಒಂದು ಕೆರೆಯೋ ಖಾಲಿ ನೆಲವೋ ಸೇರಿಕೊಂಡಿರುವುದೇ ಕಾರಣವಾಗಿರಬಹುದು.

ಅದಕ್ಕಿಂತ ಮುಖ್ಯವಾದದ್ದು ಜನಸಾಂದ್ರತೆಗೂ ಇಕ್ಕಟ್ಟಿಗೂ ಇರುವ ವ್ಯತ್ಯಾಸ. ಒಂದು ಎಕರೆಯಲ್ಲಿ ಎಷ್ಟು ಮನೆಗಳಿವೆ ಎಂಬುದು ಒಂದು ಪ್ರಶ್ನೆ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ ಅವರು 1961ರಲ್ಲಿ ಈ ಎರಡನ್ನೂ ಕಲಸಬೇಡಿ ಎಂದು ಯೋಜಕರಿಗೆ ಗಟ್ಟಿಯಾಗಿ ಹೇಳಿದರು. ಬಾಸ್ಟನ್ನಿನ ನಾರ್ತ್ ಎಂಡ್ ಅವರ ಉದಾಹರಣೆಗಳಲ್ಲಿ ಒಂದು. ಅಧಿಕಾರಿಗಳು ಅದನ್ನು ಕೊಳೆಗೇರಿ ಎಂದೇ ಬಗೆದಿದ್ದರು, ಏಕೆಂದರೆ ಅಲ್ಲಿ ಮನೆಗಳ ಸಾಂದ್ರತೆ ನಗರದಲ್ಲೇ ಅತಿ ಹೆಚ್ಚಾಗಿತ್ತು. ಆದರೆ ಬಾಲಾಪರಾಧ, ರೋಗ, ಶಿಶುಮರಣ ಮೂರರಲ್ಲಿಯೂ ಆ ಪ್ರದೇಶವು ನಗರದ ಅತಿ ಕಡಿಮೆ ದರದ ಸಾಲಿನಲ್ಲಿತ್ತು. ಅಂಗಡಿಯವರು, ಕಿಟಕಿಯಲ್ಲಿ ಕುಳಿತ ಹಿರಿಯರು, ಬಾಗಿಲಲ್ಲಿ ಮಾತಿಗೆ ನಿಂತವರು ಯಾರೂ ಹೇಳದೆಯೇ ಬೀದಿಯನ್ನು ಕಾಯುತ್ತಾರೆ ಎಂಬುದು ಅವರ ಮುಖ್ಯ ವಾದ.

ಟೋಕಿಯೊದ 23 ವಾರ್ಡುಗಳಲ್ಲಿ ಚದರ ಕಿಲೋಮೀಟರಿಗೆ 15,000ಕ್ಕೂ ಹೆಚ್ಚು ಜನ ಇದ್ದಾರೆ, ಆದರೂ ಲೋಕದ ದೊಡ್ಡ ನಗರಗಳಲ್ಲಿ ಅತ್ಯಂತ ಸುರಕ್ಷಿತವಾದವುಗಳಲ್ಲಿ ಅದೂ ಒಂದು. ಇಷ್ಟರಿಂದ ಸಾಂದ್ರತೆ ಹೆಚ್ಚಿದರೆ ಸುರಕ್ಷತೆ ಹೆಚ್ಚುತ್ತದೆ ಎಂದು ನಾನು ವಾದಿಸುತ್ತಿಲ್ಲ. ಸಾಂದ್ರತೆಯ ಸಂಖ್ಯೆಯೊಂದನ್ನೇ ನೋಡಿ ಸುರಕ್ಷತೆಯನ್ನು ಊಹಿಸಲಾಗದು ಎಂದಷ್ಟೇ ಹೇಳುತ್ತಿದ್ದೇನೆ.

ಪ್ರತಿಕ್ರಿಯೆ 3: ದಟ್ಟ ಬಡಾವಣೆಯಲ್ಲಿ ಆರು ವರ್ಷ ಇದ್ದವರಿಂದ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೆ ಒಪ್ಪಲಾಗುತ್ತಿಲ್ಲ. ಬೀದಿಯ ಕಣ್ಣುಗಳು ನಮ್ಮನ್ನು ಕಾಯಲಿಲ್ಲ. ನಾವಿದ್ದ ಕಟ್ಟಡದಲ್ಲಿ ನಲವತ್ತು ಮನೆಗಳಿಗೆ ಒಂದೇ ಮುಂಬಾಗಿಲು, ಒಂದೇ ಮೆಟ್ಟಿಲಸಾಲು ಇತ್ತು. ಬಾಗಿಲ ಬೀಗ ಕೆಟ್ಟು ತಿಂಗಳುಗಳಾಗಿದ್ದವು. ಮುಚ್ಚಿಕೊಳ್ಳದಂತೆ ಯಾರೋ ಮಡಚಿದ ರಟ್ಟಿನ ತುಂಡನ್ನು ಸಂದಿಗೆ ಸಿಕ್ಕಿಸಿಟ್ಟಿರುತ್ತಿದ್ದರು. ಎರಡನೆಯ ಅಂತಸ್ತಿನ ತಿರುವಿನಲ್ಲಿ ದೀಪ ಇರಲಿಲ್ಲ. ಅಲ್ಲಿ ಮೊಬೈಲಿನ ಬೆಳಕು ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಹತ್ತುತ್ತಿದ್ದೆವು. ಎದುರಿಗೆ ಬಂದವರು ಆ ಕಟ್ಟಡದವರೋ ಹೊರಗಿನವರೋ ಎಂದು ಆರು ವರ್ಷವಾದರೂ ಹೇಳಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಬಾಗಿಲನ್ನು ಮೀಟಿ ತೆಗೆದು ಕದ್ದರು. ಪಕ್ಕದ ಎರಡು ಮನೆಗಳಲ್ಲಿ ಜನರಿದ್ದರು. ಸದ್ದು ಕೇಳಿಸಿತ್ತು, ಆದರೆ ಮರಗೆಲಸ ನಡೆಯುತ್ತಿದೆ ಎಂದುಕೊಂಡೆವು ಎಂದು ಇಬ್ಬರೂ ಹೇಳಿದರು. ಅವರದು ತಪ್ಪೆಂದು ಇಂದಿಗೂ ನನಗೆ ಅನಿಸಿಲ್ಲ. ಅಷ್ಟು ಜನರಿರುವಲ್ಲಿ ಪ್ರತಿ ಸದ್ದಿಗೂ ಎದ್ದು ಬರಲು ಯಾರಿಗೂ ಆಗುವುದಿಲ್ಲ.

ಹೊರವಲಯಕ್ಕೆ ಬಂದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೇವೆ. ಪ್ರಶ್ನೆ ಕೇಳಿದವರು ಈ ನೆಮ್ಮದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರತಿಕ್ರಿಯೆ 4: ವಾಸ್ತುಶಿಲ್ಪಿಯೊಬ್ಬರಿಂದ

ಮೂರನೆಯ ಪ್ರತಿಕ್ರಿಯೆಯನ್ನು ಓದಿ ಬೇಸರವಾಯಿತು. ಆದರೆ ಅವರು ಬರೆದ ವಿವರದಲ್ಲಿಯೇ ಕಾರಣವೂ ಇದೆ: ನಲವತ್ತು ಮನೆಗಳಿಗೆ ಒಂದೇ ಬಾಗಿಲು. ಬಡಾವಣೆಯ ಸಾಂದ್ರತೆಗಿಂತ ಈ ಸಂಖ್ಯೆ ದೊಡ್ಡದೆಂದು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಇದನ್ನು ಮೊದಲು ವ್ಯವಸ್ಥಿತವಾಗಿ ಹೇಳಿದವರು ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಪ್ರೂಯಿಟ್ ಐಗೋ ಎಂಬ ವಸತಿ ಸಂಕೀರ್ಣವನ್ನು ಕಟ್ಟಿದರು. 11 ಅಂತಸ್ತಿನ 33 ಕಟ್ಟಡಗಳು, ನಡುವೆ ವಿಶಾಲವಾದ ಬಯಲು. ಲಿಫ್ಟು ಪ್ರತಿ ಅಂತಸ್ತಿಗೂ ನಿಲ್ಲುತ್ತಿರಲಿಲ್ಲ. ಮಿಕ್ಕ ಅಂತಸ್ತಿನವರು ಇಳಿದು ಮೆಟ್ಟಿಲು ಹತ್ತಬೇಕಿತ್ತು ಇಲ್ಲವೇ ಇಳಿಯಬೇಕಿತ್ತು. ನ್ಯೂಮನ್ ಅಲ್ಲಿ ಕಂಡದ್ದು ಇದು: ಎರಡೇ ಕುಟುಂಬಗಳು ಹಂಚಿಕೊಂಡ ಬಾಗಿಲ ಮುಂದಿನ ಜಾಗ ಚೊಕ್ಕಟವಾಗಿತ್ತು, 20 ಕುಟುಂಬಗಳ ಓಣಿಯೂ, 150 ಕುಟುಂಬಗಳು ಹಂಚಿಕೊಂಡ ಲಿಫ್ಟು, ಮೆಟ್ಟಿಲು, ಮುಂಗೋಣೆಗಳೂ ಹಾಳುಬಿದ್ದಿದ್ದವು. ಅದೇ ಜನ, ಅದೇ ಕಟ್ಟಡ. ತಮ್ಮದೆಂದು ಎನಿಸುವ ಜಾಗವನ್ನು ನೋಡಿಕೊಂಡರು, ಯಾರದೂ ಅಲ್ಲದ ಜಾಗವನ್ನು ಬಿಟ್ಟುಬಿಟ್ಟರು. ರಸ್ತೆಯಾಚೆಗೆ ಅಂಥದೇ ಜನರಿದ್ದ ತಗ್ಗು ಮನೆಗಳ ಹಳೆಯ ಬಡಾವಣೆಯೊಂದು ಅದೇ ವರ್ಷಗಳಲ್ಲಿ ತುಂಬಿಕೊಂಡು ಚೆನ್ನಾಗಿಯೇ ನಡೆಯುತ್ತಿತ್ತು. ಪ್ರೂಯಿಟ್ ಐಗೋವನ್ನು 1972ರಲ್ಲಿ ಕೆಡವಲು ಆರಂಭಿಸಿ 1976ರ ಹೊತ್ತಿಗೆ ನೆಲಸಮ ಮಾಡಿದರು. ದೋಷವೆಲ್ಲ ವಿನ್ಯಾಸದ್ದೇ ಎಂದರೆ ಅನ್ಯಾಯವಾಗುತ್ತದೆ. ನಿರ್ವಹಣೆಗೆ ಹಣವಿರಲಿಲ್ಲ, ನಗರದ ಜನರೇ ಖಾಲಿಯಾಗುತ್ತಿದ್ದರು, ಬಡತನ ಮತ್ತು ಜನಾಂಗೀಯ ಬೇರ್ಪಡಿಕೆಯ ಭಾರವೂ ಇತ್ತು. ಆದರೂ ಮನೆ ಹುಡುಕುವವರು ಒಂದು ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಕೇಳಬೇಕಾದ ಪ್ರಶ್ನೆ ಇಲ್ಲಿಂದ ಸಿಗುತ್ತದೆ: ಈ ಬಾಗಿಲನ್ನು ಎಷ್ಟು ಮನೆಯವರು ಬಳಸುತ್ತಾರೆ?

ಆರೆಂಟು ಮನೆಗಳ ಕಟ್ಟಡವಾದರೆ ಒಂದು ತಿಂಗಳೊಳಗೆ ಎಲ್ಲರ ಮುಖ ಪರಿಚಯವಾಗುತ್ತದೆ. ಅಂಚೆಪೆಟ್ಟಿಗೆಗಳ ಸಾಲನ್ನು ನೋಡಿ. ಮುಚ್ಚಳ ಮುರಿದು ಕಾಗದಗಳು ಕೆಳಗೆ ಬಿದ್ದಿದ್ದರೆ ಆ ಮುಂಗೋಣೆ ಯಾರಿಗೂ ಸೇರಿಲ್ಲ ಎಂದರ್ಥ. ಮೆಟ್ಟಿಲ ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಎಂದು ಅಲ್ಲಿಯ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರೂ ಒಂದೇ ಉತ್ತರ ಕೊಟ್ಟರೆ ಕಟ್ಟಡ ಒಳ್ಳೆಯ ಸ್ಥಿತಿಯಲ್ಲಿದೆ.

ಪ್ರತಿಕ್ರಿಯೆ 5: ಅಪರಾಧಶಾಸ್ತ್ರ ಓದಿದವರಿಂದ

ಇದುವರೆಗೆ ಎಲ್ಲರೂ ಒಂದು ಬಡಾವಣೆಯನ್ನು ಒಂದೇ ಘಟಕವಾಗಿ ಕಂಡಿದ್ದಾರೆ. ಸಂಶೋಧನೆ ಬೇರೆಯದನ್ನು ಹೇಳುತ್ತದೆ. 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ವಿಂಗಡಿಸಿ ನೋಡಿದಾಗ, ಶೇಕಡಾ 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬಂದಿದ್ದವು. ಆಮೇಲೆ ಡೇವಿಡ್ ವೈಸ್‌ಬರ್ಡ್ ಅವರು ಸಿಯಾಟಲ್ ಮತ್ತಿತರ ನಗರಗಳಲ್ಲಿ ಬೀದಿಯ ತುಂಡುಗಳನ್ನು ಲೆಕ್ಕ ಹಾಕಿ ಇದೇ ಬಗೆಯ ಕೇಂದ್ರೀಕರಣವನ್ನು ಕಂಡರು: ಕೆಲವೇ ಶೇಕಡಾ ಬೀದಿಗಳಲ್ಲಿ ನಗರದ ಅರ್ಧ ಅಪರಾಧ. ಕೆಟ್ಟ ಹೆಸರಿನ ಬಡಾವಣೆಯೊಳಗೂ ಬಹುಪಾಲು ಬೀದಿಗಳು ಶಾಂತವಾಗಿರುತ್ತವೆ. ಒಳ್ಳೆಯ ಹೆಸರಿನದರಲ್ಲಿಯೂ ಒಂದು ಕೂಡುರಸ್ತೆ ಕೆಟ್ಟದ್ದಾಗಿರಬಹುದು.

ಆದ್ದರಿಂದ ನೀವು ಹೋಲಿಸಬೇಕಾದದ್ದು ಎರಡು ದಾರಿಗಳನ್ನು. ಮಗಳು ಎಲ್ಲಿ ಇಳಿಯುತ್ತಾಳೆ, ಅಲ್ಲಿಂದ ಮನೆಬಾಗಿಲಿನವರೆಗೆ ಯಾವ ಬೀದಿಗಳಲ್ಲಿ ಬರುತ್ತಾಳೆ ಎಂಬುದನ್ನು ಗುರುತಿಸಿಕೊಂಡು, ಅದೇ ಹೊತ್ತಿಗೆ ನೀವೇ ನಡೆದು ನೋಡಿ. ವಾರದ ನಡುವೆ ಒಮ್ಮೆ, ವಾರಾಂತ್ಯದಲ್ಲಿ ಒಮ್ಮೆ. ಎಷ್ಟು ಹೆಜ್ಜೆಗಳವರೆಗೆ ಒಂದು ತೆರೆದ ಅಂಗಡಿಯೂ ಒಂದು ಬೆಳಗಿದ ಕಿಟಕಿಯೂ ಕಾಣಲಿಲ್ಲ ಎಂದು ಎಣಿಸಿ. ದಾರಿ ಮಧ್ಯದಲ್ಲಿ ಯಾರಾದರೂ ಹಿಂದೆ ಬಿದ್ದರೆ ಎಲ್ಲಿ ಒಳಗೆ ಹೋಗಬಹುದು ಎಂದು ಯೋಚಿಸಿ. ಕೆಲವು ದೇಶಗಳಲ್ಲಿ ಬೀದಿ ಮಟ್ಟದ ನಕ್ಷೆಗಳು ಸಿಗುತ್ತವೆ; ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು 2011ರಿಂದ ಪ್ರತಿ ತಿಂಗಳ ಪ್ರಕರಣಗಳನ್ನು ನಕ್ಷೆಯ ಮೇಲೆ ತೋರಿಸುತ್ತಿದ್ದಾರೆ. ಆದರೆ ದೂರುದಾರರ ಗುರುತು ಬಯಲಾಗದಿರಲೆಂದು ಪ್ರತಿ ಗುರುತನ್ನೂ ಸನಿಹದ ನಿಗದಿತ ಬಿಂದುವಿಗೆ ಸರಿಸಿರುತ್ತಾರೆ. ಹೀಗಾಗಿ ಇಂಥ ನಕ್ಷೆಯಲ್ಲಿ ನಿಮ್ಮ ಬಾಗಿಲ ಮುಂದೆಯೇ ಚುಕ್ಕೆ ಕಂಡರೆ ಗಾಬರಿಯಾಗಬೇಡಿ.

ಹೊರವಲಯವು ತನ್ನಷ್ಟಕ್ಕೆ ಸುರಕ್ಷಿತವೆಂಬ ಮಾತನ್ನೂ ಪರೀಕ್ಷಿಸಿ. ಹಗಲಿಡೀ ಎಲ್ಲರೂ ಕೆಲಸಕ್ಕೆ ಹೋಗಿ ಬರಿದಾಗುವ ಬಡಾವಣೆಯಲ್ಲಿ ಮನೆಗಳ್ಳರಿಗೆ ಬೇಕಾದಷ್ಟು ಸಮಯ ಸಿಗುತ್ತದೆ.

ಪ್ರತಿಕ್ರಿಯೆ 6: ರಸ್ತೆ ಸುರಕ್ಷತೆಯ ಬಗ್ಗೆ

ಸುರಕ್ಷತೆ ಎಂದರೆ ಕಳ್ಳರಿಂದ ಸುರಕ್ಷತೆ ಎಂದಷ್ಟೇ ಅರ್ಥ ಮಾಡಿಕೊಂಡು ಇಷ್ಟು ದೂರ ಬಂದಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಲೋಕದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. ಕೊಲೆಗಳಿಗೆ ಕುಖ್ಯಾತವಾದ ಅಮೆರಿಕದಲ್ಲಿಯೂ 2022ರಲ್ಲಿ ಕೊಲೆಯಾದವರು 25,000ದ ಒಳಗಿದ್ದರೆ, ರಸ್ತೆಯಲ್ಲಿ ಸತ್ತವರು 42,000ಕ್ಕೂ ಹೆಚ್ಚು. ಮನೆ ಹುಡುಕುವಾಗ ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಹೊರವಲಯದ ಅಗಲವಾದ ನೇರ ರಸ್ತೆ ನೋಡಲು ಚೆಂದ, ಆದರೆ ಅಂಥ ರಸ್ತೆಯಲ್ಲಿ ವಾಹನಗಳು ವೇಗವಾಗಿ ಹೋಗುತ್ತವೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗುದ್ದಿದ ವಾಹನದಿಂದ ನಡೆಯುವವರು ಬಹುತೇಕ ಬದುಕುಳಿಯುತ್ತಾರೆ. ವೇಗ 50ನ್ನು ದಾಟಿದಂತೆ ಸಾವಿನ ಸಂಭವ ಕಡಿದಾಗಿ ಏರುತ್ತದೆ, ವಯಸ್ಸಾದವರಿಗಂತೂ ಇನ್ನೂ ಬೇಗ. ಇಕ್ಕಟ್ಟಾದ ಹಳೆಯ ಬೀದಿಯಲ್ಲಿ ವಾಹನ ಬೇಕೆಂದರೂ ವೇಗ ಪಡೆಯದು. ಎಪ್ಪತ್ತೆಂಟು ವರ್ಷದ ತಾಯಿಯವರು ಒಬ್ಬರೇ ನಡೆಯುತ್ತಾರೆ ಎಂದು ಬರೆದಿದ್ದೀರಿ. ಅವರೊಡನೆ ಎರಡೂ ಕಡೆ ರಸ್ತೆ ದಾಟಿ ನೋಡಿ. ಹಸಿರು ದೀಪ ಆರುವ ಮೊದಲು ಅವರು ಆಚೆ ತಲುಪುತ್ತಾರೆಯೇ, ನಡುವೆ ನಿಲ್ಲಲು ಜಾಗವಿದೆಯೇ, ಪಾದಚಾರಿ ಮಾರ್ಗ ನಡುವೆಯೇ ಮುಗಿದುಹೋಗುತ್ತದೆಯೇ ಎಂದು ಗಮನಿಸಿ.

ಪ್ರತಿಕ್ರಿಯೆ 7: ವೈದ್ಯಕೀಯ ಸೇವೆಯಲ್ಲಿರುವವರಿಂದ

ಚಿಕ್ಕ ಮಾತು. ಮನೆಯೊಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಆ ವಯಸ್ಸಿನವರಿಗೆ ಬಹಳ ದೊಡ್ಡ ಅಪಾಯ. ಹಳೆಯ ಕಟ್ಟಡಕ್ಕೆ ಲಿಫ್ಟ್ ಇದೆಯೇ, ಸ್ಟ್ರೆಚರನ್ನು ಮೆಟ್ಟಿಲ ತಿರುವಿನಲ್ಲಿ ತಿರುಗಿಸಲು ಆಗುತ್ತದೆಯೇ, ಅಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನ ಬೀದಿಯೊಳಗೆ ಬರುತ್ತದೆಯೇ ಎಂದು ನೋಡಿ. ಹೊರವಲಯದಲ್ಲಾದರೆ ಆಸ್ಪತ್ರೆ ಎಷ್ಟು ನಿಮಿಷದ ದೂರದಲ್ಲಿದೆ ಎಂದು ಸಂಜೆಯ ದಟ್ಟಣೆಯಲ್ಲಿ ಅಳೆಯಿರಿ.

ಪ್ರತಿಕ್ರಿಯೆ 8: ಬಡಾವಣೆಯ ನಿವಾಸಿಗಳ ಸಂಘದಲ್ಲಿ ಇರುವವರಿಂದ

ಬಡಾವಣೆಯ ಸ್ಥಿತಿ ಈಗಿದ್ದಂತೆಯೇ ಇರುತ್ತದೆ ಎಂದು ಭಾವಿಸಬಾರದು. ನ್ಯೂಯಾರ್ಕಿನ ಸಾರ್ವಜನಿಕ ವಸತಿಗಳಲ್ಲಿ 2016ರಲ್ಲಿ ಕೆಲವು ಕಡೆ ಹೆಚ್ಚುವರಿ ದೀಪಗೋಪುರಗಳನ್ನು ಇಟ್ಟು, ಕೆಲವು ಕಡೆ ಇಡದೆ ಹೋಲಿಸಿ ನೋಡಿದಾಗ, ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇಕಡಾ 36ರಷ್ಟು ಇಳಿದವು. ಫಿಲಡೆಲ್ಫಿಯಾದಲ್ಲಿ ಕಸ ತುಂಬಿದ ಖಾಲಿ ನಿವೇಶನಗಳನ್ನು ಚೊಕ್ಕಟ ಮಾಡಿ ಹುಲ್ಲು, ಗಿಡ ನೆಟ್ಟು ತಗ್ಗಿನ ಮರದ ಬೇಲಿ ಹಾಕಿದಾಗ, ಬಡತನದ ರೇಖೆಯ ಕೆಳಗಿನ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಶೇಕಡಾ 29ರಷ್ಟು ಇಳಿಯಿತೆಂದು 2018ರ ಅಧ್ಯಯನ ಹೇಳುತ್ತದೆ. ಎರಡು ಕಡೆಯೂ ಜನಸಾಂದ್ರತೆಯನ್ನು ಯಾರೂ ಮುಟ್ಟಲಿಲ್ಲ.

ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಶಿಕಾಗೋದ 343 ಬಡಾವಣೆಗಳ 8,782 ನಿವಾಸಿಗಳನ್ನು ಮಾತನಾಡಿಸಿದ್ದರು. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನೆರೆಯವರು ಏನಾದರೂ ಮಾಡುತ್ತಾರೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಮಾಡುತ್ತಾರೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಡೆ ಹಿಂಸೆ ಕಡಿಮೆಯಿತ್ತು. ಬಡತನದ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿಯಿತು. ಆದ್ದರಿಂದ ಮನೆಯ ದಲ್ಲಾಳಿಯನ್ನು ಬಿಟ್ಟು, ಪಕ್ಕದ ಮನೆಯ ಬಾಗಿಲು ತಟ್ಟಿ. ಇಲ್ಲಿ ಕೊನೆಯ ಸಲ ಏನಾದರೂ ಕೆಟ್ಟದ್ದು ಆದಾಗ ಯಾರು ಹೊರಗೆ ಬಂದರು ಎಂದು ಕೇಳಿ. ಸುರಕ್ಷಿತವೇ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಹೀಗೆ ಕೇಳಿದರೆ ಉತ್ತರದಲ್ಲಿ ವಿಷಯವಿರುತ್ತದೆ.

ಪ್ರಶ್ನೆ ಕೇಳಿದವರಿಂದ, ಹದಿನೈದು ದಿನಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹೇಳಿದ್ದನ್ನೆಲ್ಲ ಸಾಧ್ಯವಾದಷ್ಟು ಮಾಡಿದೆವು.

ಅಂಕಿಅಂಶಗಳನ್ನು ಬಿಡಿಸಿ ನೋಡಿದಾಗ ಹಳೆಯ ಬಡಾವಣೆಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಒಂದು ಮೂಲೆಯಲ್ಲಿರುವ ನಿಲ್ದಾಣದ ಸುತ್ತಲಿನ ಜೇಬುಗಳ್ಳತನ ಮತ್ತು ವಾಹನ ಕಳವು ಎಂದು ತಿಳಿಯಿತು. ಮನೆಗಳ್ಳತನವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಎರಡು ಬಡಾವಣೆಗಳಿಗೂ ಹೇಳಿಕೊಳ್ಳುವಷ್ಟು ಅಂತರವಿಲ್ಲ.

ಮಗಳು ಮತ್ತು ನಾನು ಎರಡೂ ದಾರಿಗಳನ್ನು ರಾತ್ರಿ ಹತ್ತೂಕಾಲಿಗೆ ನಡೆದೆವು. ಹೊರವಲಯದಲ್ಲಿ ಬಸ್ಸಿನಿಂದ ಇಳಿದ ಮೇಲೆ ಮನೆಯವರೆಗೆ ಒಂಬೈನೂರು ಹೆಜ್ಜೆ. ಅದರಲ್ಲಿ ಆರುನೂರು ಹೆಜ್ಜೆಗಳ ಉದ್ದಕ್ಕೂ ಒಂದು ಕಡೆ ಎತ್ತರದ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಖಾಲಿ ನಿವೇಶನಗಳು. ದೀಪಗಳೆಲ್ಲ ಉರಿಯುತ್ತಿದ್ದವು, ಆದರೆ ಅವುಗಳ ಬೆಳಕಿನಲ್ಲಿ ನಮ್ಮಿಬ್ಬರನ್ನು ನೋಡುವವರು ಯಾರೂ ಇರಲಿಲ್ಲ. ಮಗಳು ಅರ್ಧ ದಾರಿಯಲ್ಲಿ ತನಗೇ ತಿಳಿಯದಂತೆ ಬೀಗದ ಕೈಯನ್ನು ಬೆರಳುಗಳ ನಡುವೆ ಹಿಡಿದುಕೊಂಡಿದ್ದಳು. ಹಳೆಯ ಬಡಾವಣೆಯಲ್ಲಿ ನಾನೂರು ಹೆಜ್ಜೆ. ಔಷಧಿ ಅಂಗಡಿ ತೆರೆದಿತ್ತು, ಒಬ್ಬರು ಬಾಗಿಲು ಎಳೆಯುತ್ತಿದ್ದರು, ಎರಡನೆಯ ಅಂತಸ್ತಿನ ಕಿಟಕಿಯಿಂದ ಯಾರೋ ಕೆಳಗಿದ್ದವರೊಡನೆ ಮಾತನಾಡುತ್ತಿದ್ದರು.

ಮೂರನೆಯ ಪ್ರತಿಕ್ರಿಯೆ ಬರೆದವರ ಎಚ್ಚರಿಕೆಯನ್ನು ಮರೆಯಲಿಲ್ಲ. ನಾವು ನೋಡಿದ್ದ ಆ ಮನೆಯ ಕಟ್ಟಡದಲ್ಲಿ ಮೂವತ್ತಾರು ಮನೆಗಳಿಗೆ ಒಂದೇ ಬಾಗಿಲು. ಲಿಫ್ಟ್ ಕೆಟ್ಟು ಯಾವಾಗ ಸರಿಯಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ದೀಪದ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಹೆಸರು ಹೇಳಿದರು. ಹೀಗಾಗಿ ಅದನ್ನು ಬಿಟ್ಟು, ಅದೇ ಬಡಾವಣೆಯಲ್ಲಿ, ಎರಡು ಬೀದಿ ಒಳಗೆ ಎಂಟು ಮನೆಗಳ ಕಟ್ಟಡವೊಂದರ ನೆಲ ಅಂತಸ್ತಿನ ಮನೆಯನ್ನು ಮಾತನಾಡಿದ್ದೇವೆ. ಕೋಣೆಗಳು ಚಿಕ್ಕವು, ಬೀದಿಯ ಸದ್ದು ರಾತ್ರಿ ಹನ್ನೊಂದರವರೆಗೂ ಒಳಗೆ ಕೇಳಿಸುತ್ತದೆ, ಹೊರವಲಯದ ಮನೆಯ ಗಾಳಿ ಬೆಳಕು ಅಲ್ಲಿಲ್ಲ. ಇದು ನಮಗೆ ಕಷ್ಟವೇ. ತಾಯಿಯವರೊಡನೆ ಮುಂದಿನ ರಸ್ತೆಯನ್ನು ದಾಟಿ ನೋಡಿದೆವು. ಹಸಿರು ದೀಪ ಆರುವ ಮೊದಲು ಆಚೆ ತಲುಪಿದರು, ಆದರೆ ಕೊನೆಯ ಎರಡು ಹೆಜ್ಜೆಯನ್ನು ಅವಸರದಲ್ಲಿ ಇಟ್ಟರು. ಆ ದೀಪದ ಅವಧಿಯನ್ನು ಹೆಚ್ಚಿಸುವಂತೆ ನಗರಾಡಳಿತಕ್ಕೆ ಪತ್ರ ಬರೆಯುತ್ತಿದ್ದೇವೆ. ಇಂಥ ಪತ್ರವನ್ನು ಬರೆದು ಫಲ ಕಂಡವರು ಯಾರಾದರೂ ಇದ್ದರೆ, ಅದರಲ್ಲಿ ಯಾವ ವಿವರಗಳನ್ನು ಕೊಡಬೇಕು ಎಂದು ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ 9: ರಸ್ತೆ ಸುರಕ್ಷತೆಯ ಬಗ್ಗೆ ಬರೆದವರಿಂದ

ದೀಪ ಹಸಿರಾಗಿರುವ ಅವಧಿಯನ್ನು ಸೆಕೆಂಡುಗಳಲ್ಲಿ ಅಳೆದು ಬರೆಯಿರಿ, ರಸ್ತೆಯ ಅಗಲವನ್ನು ಮೀಟರಿನಲ್ಲಿ ಕೊಡಿ, ತಾಯಿಯವರು ದಾಟಲು ತೆಗೆದುಕೊಂಡ ಸಮಯವನ್ನು ಮೂರು ಸಲ ಅಳೆದು ಸೇರಿಸಿ. ದೀಪದ ಅವಧಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚಿನ ನಡಿಗೆಯ ವೇಗವನ್ನು ಇಟ್ಟುಕೊಂಡು ನಿಗದಿ ಮಾಡಿರುತ್ತಾರೆ. ವಯಸ್ಸಾದ ಅನೇಕರು ಅಷ್ಟು ವೇಗವಾಗಿ ನಡೆಯಲಾರರು. ಆ ಬೀದಿಯ ಇನ್ನೂ ನಾಲ್ಕಾರು ಹಿರಿಯರ ಸಮಯವನ್ನು ಅಳೆದು, ಅವರ ಸಹಿಯೊಂದಿಗೆ ಕಳುಹಿಸಿ.